ಎದೆಯೊಳಗಿನ ಗಂಟು

ಮಬ್ಬುಗತ್ತಲೆಯಲ್ಲಿ ಬಿದ್ದಿದ್ದ ಹಗ್ಗವನ್ನು ಹಾವೆಂದು ತಿಳಿದು ಬೆಚ್ಚಿಬಿದ್ದವನ ಕಥೆ ನಮ್ಮ ಹಿರಿಯರಿಗೆ ಬಹು ಪ್ರಿಯವಾದ ದೃಷ್ಟಾಂತ. ವೇದಾಂತಿಗಳು ಅದನ್ನು ರಜ್ಜುಸರ್ಪನ್ಯಾಯವೆಂದು ಕರೆದರು. ದೀಪ ಬಂದೊಡನೆ ಹಾವು ಮಾಯವಾಗಿ ಹಗ್ಗ ಮಾತ್ರ ಉಳಿಯುತ್ತದೆಂಬುದು ಆ ದೃಷ್ಟಾಂತದ ಸಾರ. ಆದರೆ ದೀಪ ಬಂದುದರಿಂದಲೇ ಭಯ ಹುಟ್ಟುವ ಸಂದರ್ಭಗಳೂ ಲೋಕದಲ್ಲಿ ಉಂಟು. ಕತ್ತಲೆಯಲ್ಲಿ ಕಾಣದೆ ಇದ್ದ ನೂರಾರು ಹಗ್ಗದ ತುಂಡುಗಳು ಬೆಳಕಿನಲ್ಲಿ ಕಾಣತೊಡಗುತ್ತವೆ. ಅವುಗಳ ನಡುವೆ ನಿಜವಾದ ಹಾವಿನ ಮರಿಯೊಂದು ಇರಲೂಬಹುದು. ಎದೆಯ ಸಿ.ಟಿ. ಸ್ಕ್ಯಾನ್ ಎಂಬ ಪರೀಕ್ಷೆ ಇಂದಿನ ಮನೆಗಳಿಗೆ ತಂದಿರುವ ಕಳವಳ ಈ ಬಗೆಯದು.

ಯಾವ ಊರಿನಲ್ಲಾದರೂ ನಡೆಯಬಹುದಾದ ಪ್ರಸಂಗವಿದು. ಅರವತ್ತಮೂರು ವರ್ಷದ ನಿವೃತ್ತ ಉಪಾಧ್ಯಾಯರೊಬ್ಬರು ಬಚ್ಚಲುಮನೆಯಲ್ಲಿ ಕಾಲುಜಾರಿ ಬಿದ್ದರು. ಪಕ್ಕೆಯಲ್ಲಿ ನೋವು ತಗ್ಗದಿದ್ದುದರಿಂದ ಮಗ ಅವರನ್ನು ಆಸ್ಪತ್ರೆಗೆ ಕರೆದೊಯ್ದ. ಸ್ಕ್ಯಾನ್ ಆಯಿತು, ಪಕ್ಕೆಲುಬು ಮುರಿದಿರಲಿಲ್ಲ. ಆದರೆ ವರದಿಯ ಕೊನೆಯಲ್ಲಿ ಒಂದು ವಾಕ್ಯವಿತ್ತು: ಬಲ ಶ್ವಾಸಕೋಶದ ಮೇಲ್ಪಾಲಿನಲ್ಲಿ 7 ಮಿಲಿಮೀಟರ್ ಗಾತ್ರದ ಒಂದು 'ನಾಡ್ಯೂಲ್' ಕಾಣುತ್ತಿದೆ.

"ಮೇಷ್ಟ್ರೇ, ಇದೊಂದು ಸಣ್ಣ ಗಂಟು. ಸದ್ಯಕ್ಕೆ ಏನೂ ಮಾಡುವುದು ಬೇಡ. ಆರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿ ನೋಡೋಣ" ಎಂದರು ವೈದ್ಯರು.

ಮಗನಿಗೆ ಸಮಾಧಾನವಾಗಲಿಲ್ಲ. "ಆರು ತಿಂಗಳೇ ಡಾಕ್ಟರೇ? ಅದು ಕ್ಯಾನ್ಸರೇ ಆಗಿದ್ದರೆ ಅಲ್ಲಿಯವರೆಗೆ ಕೈಕಟ್ಟಿಕೊಂಡು ಕೂತಿರಬೇಕೇ? ಈಗಲೇ ತೆಗೆದುಹಾಕಬಾರದೇ? ಅಪ್ಪ ಇಪ್ಪತ್ತೈದು ವರ್ಷ ಸಿಗರೇಟು ಸೇದಿದವರು."

ಮಗನ ಪ್ರಶ್ನೆ ಸಹಜವಾದದ್ದು. ಇಂಥ ವರದಿಯನ್ನು ಕೈಯಲ್ಲಿ ಹಿಡಿದ ಪ್ರತಿಯೊಂದು ಕುಟುಂಬವೂ ಕೇಳುವ ಪ್ರಶ್ನೆಯೇ ಅದು. ವೈದ್ಯರ 'ಆರು ತಿಂಗಳು' ಉದಾಸೀನದ ಮಾತೋ, ವಿವೇಕದ ಮಾತೋ? ಇದನ್ನು ತಿಳಿಯಬೇಕಾದರೆ ಆ ಯಂತ್ರವು ಏನನ್ನು ಕಾಣುತ್ತದೆ, ಏನನ್ನು ಕಾಣಲಾರದು ಎಂಬುದನ್ನು ಮೊದಲು ತಿಳಿಯಬೇಕು.

ನೆರಳಿನಿಂದ ಅಂಕಿಗೆ

ಜರ್ಮನಿಯ ರಾಂಟ್ಜೆನ್ 1895ರಲ್ಲಿ ಕ್ಷಕಿರಣಗಳನ್ನು ಕಂಡುಹಿಡಿದಂದಿನಿಂದ ವೈದ್ಯರು ಎದೆಯೊಳಗಿನ ನೆರಳುಗಳನ್ನು ಓದುತ್ತ ಬಂದಿದ್ದಾರೆ. ಆದರೆ ಸಾಮಾನ್ಯ ಕ್ಷಕಿರಣ ಚಿತ್ರದಲ್ಲಿ ಪಕ್ಕೆಲುಬು, ಹೃದಯ, ರಕ್ತನಾಳ, ಶ್ವಾಸಕೋಶ ಎಲ್ಲದರ ನೆರಳೂ ಒಂದರ ಮೇಲೊಂದು ಬಿದ್ದಿರುತ್ತದೆ. ಕಡಲೆಕಾಳಿನಷ್ಟು ಚಿಕ್ಕ ಗಂಟು ಪಕ್ಕೆಲುಬಿನ ಹಿಂದೆ ಅಡಗಿದರೆ ಅದನ್ನು ಗುರುತಿಸುವುದು ಪ್ರಯಾಸದ ಕೆಲಸ. ನಾಣ್ಯದಷ್ಟು ದೊಡ್ಡ ನೆರಳು ಕಂಡರೂ ಅದು ಯಾವ ದ್ರವ್ಯದಿಂದ ಆದದ್ದೆಂದು ಹೇಳುವುದು ಕಷ್ಟವಾಗಿತ್ತು. ಆದಕಾರಣ ಹಿಂದಿನ ಕಾಲದಲ್ಲಿ ಅನೇಕ ವೇಳೆ ಶಸ್ತ್ರವೈದ್ಯರು ಎದೆಯನ್ನು ತೆರೆದೇ ಸಂದೇಹವನ್ನು ಬಗೆಹರಿಸಿಕೊಳ್ಳಬೇಕಾಗುತ್ತಿತ್ತು.

ಈ ತೊಡಕನ್ನು ಬಿಡಿಸಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಗಾಡ್‌ಫ್ರಿ ಹೌನ್ಸ್‌ಫೀಲ್ಡ್. ಅವನು ವೈದ್ಯನಲ್ಲ, ಗ್ರಾಮಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇ.ಎಂ.ಐ. ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಎಂಜಿನಿಯರು. ದೇಹದ ಸುತ್ತಲೂ ಹಲವು ದಿಕ್ಕುಗಳಿಂದ ಕ್ಷಕಿರಣಗಳನ್ನು ಹಾಯಿಸಿ, ಪ್ರತಿಯೊಂದು ಕಿರಣವೂ ಎಷ್ಟು ಕುಂದಿತೆಂಬುದನ್ನು ಗಣಕಯಂತ್ರದ ನೆರವಿನಿಂದ ಲೆಕ್ಕಹಾಕಿದರೆ, ಒಳಗಿನ ರಚನೆಯನ್ನು ಅಡ್ಡಲಾಗಿ ಕೊಯ್ದಂತೆ ಚಿತ್ರಿಸಬಹುದೆಂದು ಅವನು ತೋರಿಸಿದ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೀ ಆಸ್ಪತ್ರೆಯಲ್ಲಿ ಮೊತ್ತಮೊದಲ ರೋಗಿಯ ಮಿದುಳನ್ನು ಹೀಗೆ ಚಿತ್ರಿಸಲಾಯಿತು. ಇದೇ ಲೆಕ್ಕದ ಗಣಿತವನ್ನು ಅವನಿಗಿಂತ ಮೊದಲೇ ಪ್ರತ್ಯೇಕವಾಗಿ ಸಾಧಿಸಿದ್ದ ಆಲನ್ ಕಾರ್ಮ್ಯಾಕ್ ಎಂಬ ಭೌತಶಾಸ್ತ್ರಜ್ಞನೊಂದಿಗೆ ಹೌನ್ಸ್‌ಫೀಲ್ಡನಿಗೆ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಬಾಳೆದಿಂಡನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಒಂದೊಂದು ಬಿಲ್ಲೆಯನ್ನೂ ಎತ್ತಿ ನೋಡಿದರೆ ಒಳಗಿನ ನಾರಿನ ಎಳೆ ಎಲ್ಲೆಲ್ಲಿ ಹಾದಿದೆಯೆಂಬುದು ತಿಳಿಯುತ್ತದಷ್ಟೆ? ಸಿ.ಟಿ. ಯಂತ್ರವೂ ಎದೆಯನ್ನು ಕತ್ತಿ ಸೋಕಿಸದೆ ಹಾಗೆಯೇ ಹೆಚ್ಚುತ್ತದೆ. ಇಂದಿನ ಯಂತ್ರಗಳು ಒಂದು ಉಸಿರು ಹಿಡಿದಿಡುವಷ್ಟು ಹೊತ್ತಿನಲ್ಲಿ ಇಡೀ ಎದೆಯನ್ನು ಸುಮಾರು ಒಂದು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಚಿತ್ರಿಸಬಲ್ಲವು. ಅಷ್ಟೇ ಅಲ್ಲ, ಪ್ರತಿಯೊಂದು ಚುಕ್ಕೆಗೂ ಒಂದು ಅಂಕಿಯನ್ನು ಕೊಡುತ್ತವೆ. ಈ ಅಳತೆಯಲ್ಲಿ ನೀರಿಗೆ ಸೊನ್ನೆ. ಗಾಳಿ ಸೊನ್ನೆಗಿಂತ 1000 ಕೆಳಗೆ. ಕೊಬ್ಬು ಸೊನ್ನೆಗಿಂತ 40ರಿಂದ 120ರಷ್ಟು ಕೆಳಗೆ. ಸುಣ್ಣದ ಅಂಶ ಸೊನ್ನೆಗಿಂತ ಬಹಳ ಮೇಲೆ. ಹೌನ್ಸ್‌ಫೀಲ್ಡನ ಹೆಸರನ್ನೇ ಈ ಮಾನಕ್ಕೆ ಇಡಲಾಗಿದೆ. ನೆರಳಿನ ಕಪ್ಪುಬಿಳುಪನ್ನು ಕಣ್ಣಳತೆಯಿಂದ ಊಹಿಸುತ್ತಿದ್ದ ವೈದ್ಯರ ಕೈಗೆ ಹೀಗೆ ಒಂದು ತಕ್ಕಡಿ ಬಂದಂತಾಯಿತು.

ಗಂಟು ಎಂದರೇನು?

ಶ್ವಾಸಕೋಶದೊಳಗೆ ಕಾಣುವ, ಮೂರು ಸೆಂಟಿಮೀಟರಿಗೆ ಮೀರದ ದುಂಡನೆಯ ನೆರಳನ್ನು ವೈದ್ಯರು ನಾಡ್ಯೂಲ್ ಅಥವಾ ಗಂಟು ಎಂದು ಕರೆಯುತ್ತಾರೆ. ಮೆಣಸಿನ ಕಾಳಿನಿಂದ ಹಿಡಿದು ಬೆಟ್ಟದ ನೆಲ್ಲಿಕಾಯಿಯವರೆಗೆ ಅದರ ಗಾತ್ರವಿರಬಹುದು. ನೆಲ್ಲಿಕಾಯಿಯನ್ನು ಮೀರಿತೆಂದರೆ ಅದನ್ನು ಗೆಡ್ಡೆಯೆನ್ನುತ್ತಾರೆ. ಆಗ ಸಂದೇಹವೂ ಬಹಳ ಬಲವಾಗುತ್ತದೆ. ಗಂಟು ಎಂಬುದು ರೋಗದ ಹೆಸರಲ್ಲ, ಕಂಡ ವಸ್ತುವಿನ ಹೆಸರು ಎಂಬ ಅಂಶವನ್ನು ಓದುಗರು ಮುಖ್ಯವಾಗಿ ನೆನಪಿಡಬೇಕು.

ಈ ಹೆಸರಿನ ಹಿಂದೆ ಅನೇಕ ಬಗೆಯ ವಸ್ತುಗಳು ಅಡಗಿರಬಹುದು. ಎಂದೋ ವಾಸಿಯಾದ ಸೋಂಕಿನ ಗುರುತಾಗಿ ಉಳಿದ ಗ್ರ್ಯಾನುಲೋಮ ಅವುಗಳಲ್ಲಿ ಒಂದು. ರೋಗಾಣುಗಳನ್ನು ಕೊಲ್ಲಲಾರದಾದಾಗ ದೇಹವು ಅವುಗಳ ಸುತ್ತಲೂ ಕೋಟೆ ಕಟ್ಟಿ ಸೆರೆಯಲ್ಲಿಡುತ್ತದೆ. ಕಾಲಕ್ರಮದಲ್ಲಿ ಆ ಕೋಟೆಯ ಗೋಡೆಗೆ ಸುಣ್ಣ ಹತ್ತುತ್ತದೆ. ಅಮೆರಿಕದ ಒಹಾಯೋ ನದಿಯ ಬಯಲಿನಲ್ಲಿ ಒಂದು ಬಗೆಯ ಶಿಲೀಂಧ್ರದಿಂದ ಇಂಥ ಗಂಟುಗಳಾಗುತ್ತವೆ. ಭಾರತದಲ್ಲಿ ಬಹುಮಟ್ಟಿಗೆ ಕ್ಷಯರೋಗಾಣುವೇ ಕಾರಣ. ಶ್ವಾಸಕೋಶದೊಳಗಿನ ಚಿಕ್ಕ ದುಗ್ಧಗ್ರಂಥಿಗಳು ಇನ್ನೊಂದು ಬಗೆ. ಶ್ವಾಸಕೋಶದ ಪಾಲುಗಳ ನಡುವಣ ಸೀಳಿಗೆ ಅಂಟಿಕೊಂಡು, ಮುಕ್ಕೋನದ ಆಕಾರದಲ್ಲಿ, ನುಣುಪಾದ ಅಂಚಿನಿಂದ ಕೂಡಿರುವ ಇವು ತೊಂದರೆ ಕೊಡುವುದಿಲ್ಲ. ಮೂರನೆಯದು ಹ್ಯಾಮಾರ್ಟೋಮ ಎಂಬ ನಿರಪಾಯಕರ ಗೆಡ್ಡೆ. ಶ್ವಾಸಕೋಶದಲ್ಲಿ ಹುಟ್ಟುವ ನಿರಪಾಯಕರ ಗೆಡ್ಡೆಗಳಲ್ಲೆಲ್ಲ ಇದೇ ಹೆಚ್ಚು ಸಾಮಾನ್ಯ. ಮೃದ್ವಸ್ಥಿ, ಕೊಬ್ಬು ಮೊದಲಾದವು ತಮ್ಮ ಕ್ರಮವನ್ನು ಮರೆತು ಒಂದೆಡೆ ಉಂಡೆಕಟ್ಟಿಕೊಂಡಿರುವುದೇ ಅದರ ಸ್ವರೂಪ. ಅದು ಬಲು ನಿಧಾನವಾಗಿ ಬೆಳೆಯುತ್ತದೆ, ಬೇರೆಡೆಗೆ ಹರಡುವುದಿಲ್ಲ.

ಇವುಗಳ ನಡುವೆಯೇ, ಇದೇ ವೇಷದಲ್ಲಿ, ಆರಂಭದ ಹಂತದ ಕ್ಯಾನ್ಸರೂ ಇರಬಹುದು. ಆ ಹಂತದಲ್ಲಿ ಅದು ನೋವನ್ನು ಕೊಡುವುದಿಲ್ಲ. ಕೆಮ್ಮನ್ನೂ ತಾರದೆ ಇರಬಹುದು. ಶಸ್ತ್ರಚಿಕಿತ್ಸೆಯಿಂದ ಪೂರ್ಣವಾಗಿ ಗುಣವಾಗುವ ಸಂಭವ ಅತ್ಯಂತ ಹೆಚ್ಚಾಗಿರುವುದೂ ಆ ಹಂತದಲ್ಲಿಯೇ. ಆದುದರಿಂದ ವೇಷವನ್ನು ಭೇದಿಸುವ ವಿದ್ಯೆಗೆ ಇಷ್ಟು ಬೆಲೆ.

ವೇಷವನ್ನು ಭೇದಿಸುವ ಗುರುತುಗಳು

ಮೊದಲನೆಯ ಗುರುತು ಸುಣ್ಣ. ಗಂಟಿನ ತುಂಬ ಸಮನಾಗಿ ಸುಣ್ಣ ತುಂಬಿದ್ದರೆ, ನಡುಮಧ್ಯದಲ್ಲಿ ಗಟ್ಟಿಯಾದ ತಿರುಳಿನಂತಿದ್ದರೆ, ಅಥವಾ ಈರುಳ್ಳಿಯ ಪದರಗಳಂತೆ ಸುತ್ತುಸುತ್ತಾಗಿ ಕಂಡರೆ ಅದು ಹಳೆಯ ಸೋಂಕಿನ ಕಲೆಯೆಂದು ವೈದ್ಯರು ಧೈರ್ಯವಾಗಿ ಹೇಳಬಲ್ಲರು. ಬಾಣಲೆಯಲ್ಲಿ ಸಿಡಿದ ಜೋಳದ ಅರಳಿನಂತೆ ಕಂಡರೆ ಹ್ಯಾಮಾರ್ಟೋಮ ಎನ್ನುತ್ತಾರೆ. ಆದರೆ ಸುಣ್ಣವು ಒಂದು ಬದಿಗೆ ಸರಿದಿದ್ದರೆ, ಇಲ್ಲವೆ ಸಣ್ಣ ಸಣ್ಣ ಚುಕ್ಕೆಗಳಾಗಿ ಚದರಿದ್ದರೆ ಆ ಧೈರ್ಯಕ್ಕೆ ಆಸ್ಪದವಿಲ್ಲ. ಹಳೆಯ ಸುಣ್ಣದ ಕಲೆಯೊಂದನ್ನು ಬೆಳೆಯುತ್ತಿರುವ ಕ್ಯಾನ್ಸರು ತನ್ನೊಳಗೆ ನುಂಗಿರಲೂಬಹುದು.

ಎರಡನೆಯ ಗುರುತು ಕೊಬ್ಬು. ನುಣುಪಾದ ಅಂಚಿನ ಗಂಟಿನೊಳಗೆ ಕೊಬ್ಬಿನ ಅಂಕಿ ಸಿಕ್ಕಿದರೆ ಅದು ಬಹುತೇಕ ಹ್ಯಾಮಾರ್ಟೋಮವೇ ಸರಿ. ಹೌನ್ಸ್‌ಫೀಲ್ಡನ ತಕ್ಕಡಿಯ ಉಪಯೋಗ ಇಲ್ಲಿ ಚೆನ್ನಾಗಿ ಕಾಣುತ್ತದೆ. ಕಣ್ಣಿಗೆ ಒಂದೇ ಬೂದುಬಣ್ಣವಾಗಿ ಕಾಣುವ ಎರಡು ಗಂಟುಗಳಲ್ಲಿ ಯಾವುದರೊಳಗೆ ಕೊಬ್ಬಿದೆಯೆಂಬುದನ್ನು ಅಂಕಿ ಹೇಳಿಬಿಡುತ್ತದೆ. ಒಂದು ಶಸ್ತ್ರಚಿಕಿತ್ಸೆ ಅಷ್ಟರಿಂದಲೇ ತಪ್ಪುತ್ತದೆ.

ಮೂರನೆಯದು ಅಂಚು. ನಿರಪಾಯಕರ ಗಂಟುಗಳ ಅಂಚು ಸಾಮಾನ್ಯವಾಗಿ ಗೋಲಿಯಂತೆ ನುಣುಪಾಗಿರುತ್ತದೆ. ಕ್ಯಾನ್ಸರು ಸುತ್ತಲಿನ ಅಂಗಾಂಶದೊಳಕ್ಕೆ ನುಗ್ಗುತ್ತ ಬೆಳೆಯುವುದರಿಂದ ಅದರ ಅಂಚಿನಿಂದ ಸೂರ್ಯನ ಚಿತ್ರಕ್ಕೆ ಮಕ್ಕಳು ಬರೆಯುವ ಕಿರಣಗಳಂತೆ ಮುಳ್ಳುಗೆರೆಗಳು ಹೊರಟಿರುತ್ತವೆ. ಇಂಥ ಮುಳ್ಳಂಚು ಕಂಡಾಗ ವೈದ್ಯರು ಗಂಭೀರರಾಗುತ್ತಾರೆ. ಹಾಗೆಂದು ನುಣುಪಾದ ಅಂಚನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ದೇಹದ ಬೇರೊಂದು ಅಂಗದಿಂದ ಹರಡಿಬಂದ ಕ್ಯಾನ್ಸರಿನ ಗಂಟುಗಳೂ, ಕಾರ್ಸಿನಾಯ್ಡ್ ಎಂಬ ಇನ್ನೊಂದು ಜಾತಿಯ ಗೆಡ್ಡೆಯೂ ಅನೇಕ ವೇಳೆ ನುಣುಪಾಗಿಯೇ ಇರುತ್ತವೆ. ಇತ್ತ, ಹಳೆಯ ಕ್ಷಯದ ಗಾಯವು ಸುಕ್ಕುಗಟ್ಟಿ ಮುಳ್ಳಂಚನ್ನು ತೋರಿಸುವುದೂ ಉಂಟು.

ನಾಲ್ಕನೆಯದು ಮೈಯ ಸಾಂದ್ರತೆ. ಕೆಲವು ಗಂಟುಗಳು ಘನವಾಗಿರುತ್ತವೆ. ಇನ್ನು ಕೆಲವು, ಸ್ನಾನದ ಮನೆಯ ಕಿಟಕಿಗೆ ಹಾಕಿಸುವ ಮಬ್ಬುಗಾಜಿನಂತೆ, ತಮ್ಮ ಹಿಂದಿನ ರಕ್ತನಾಳಗಳು ಕಾಣುವಷ್ಟು ತೆಳುವಾಗಿರುತ್ತವೆ. ಅಲ್ಪಕಾಲದ ಸೋಂಕಿನಿಂದಲೂ ಇಂಥ ಮಬ್ಬು ಉಂಟಾಗಬಹುದು. ಹಾಗಿದ್ದರೆ ಕೆಲವು ತಿಂಗಳಲ್ಲಿ ಅದು ತಾನಾಗಿ ಕರಗಿಹೋಗುತ್ತದೆ. ಕರಗದೆ ಉಳಿದ ಮಬ್ಬು ಮಾತ್ರ ಗಮನಕ್ಕೆ ಅರ್ಹ. ಶ್ವಾಸಕೋಶದ ಅಡೆನೊಕಾರ್ಸಿನೋಮ ಎಂಬ ಜಾತಿಯ ಕ್ಯಾನ್ಸರು ತನ್ನ ಮೊದಲ ಹಂತಗಳಲ್ಲಿ ಗಾಳಿಗೂಡುಗಳ ಗೋಡೆಯನ್ನು ಒಡೆಯದೆ, ಗೋಡೆಗೆ ಬಳಿದ ಸುಣ್ಣದಂತೆ ಅವುಗಳ ಒಳಮೈಯ ಮೇಲೆ ಹಬ್ಬುತ್ತದೆ. ಗೂಡಿನೊಳಗೆ ಗಾಳಿ ಉಳಿದಿರುವುದರಿಂದ ಚಿತ್ರದಲ್ಲಿ ಅದು ಮಬ್ಬಾಗಿ ಕಾಣುತ್ತದೆ. ಇದರ ನಡೆ ಬಹಳ ನಿಧಾನ. ಆದರೆ ಮಬ್ಬಿನ ನಡುವೆ ಘನವಾದ ತಿರುಳೊಂದು ಮೂಡಿತೆಂದರೆ ಸಂದೇಹ ಹೆಚ್ಚುತ್ತದೆ. ಆ ತಿರುಳು ದೊಡ್ಡದಾದಷ್ಟೂ ರೋಗವು ಗೋಡೆಯನ್ನು ದಾಟಿರುವ ಸಂಭವ ಹೆಚ್ಚು.

ಇವಲ್ಲದೆ ಗಂಟಿನ ಒಡೆಯನ ಚರಿತ್ರೆಯೂ ಒಂದು ಗುರುತೇ. ವಯಸ್ಸು, ಧೂಮಪಾನ, ಮನೆತನದಲ್ಲಿ ಶ್ವಾಸಕೋಶದ ಕ್ಯಾನ್ಸರು ಕಂಡಿರುವುದು, ಗಂಟು ಮೇಲ್ಪಾಲಿನಲ್ಲಿರುವುದು, ಇವೆಲ್ಲ ಸಂದೇಹದ ತಟ್ಟೆಗೆ ಒಂದಿಷ್ಟು ತೂಕವನ್ನು ಸೇರಿಸುತ್ತವೆ. ಬೀಡಿ ಸಿಗರೇಟುಗಳನ್ನು ಎಂದೂ ಮುಟ್ಟದವರಲ್ಲಿಯೂ ಈ ರೋಗ ಕಾಣಿಸುವುದರಿಂದ, ಸೇದದವರು ಸಂಪೂರ್ಣ ಸುರಕ್ಷಿತರೆಂದು ತಿಳಿಯುವುದೂ ಸಲ್ಲದು.

ಉಂಡೆಯ ಲೆಕ್ಕ

ಈ ಎಲ್ಲ ಗುರುತುಗಳೂ ದೊಡ್ಡ ಗಂಟುಗಳಲ್ಲಿ ಸ್ಫುಟವಾಗಿ ಕಾಣುತ್ತವೆ. ಮೇಷ್ಟ್ರ ಎದೆಯಲ್ಲಿದ್ದಂಥ 7 ಮಿಲಿಮೀಟರಿನ ಗಂಟಿನಲ್ಲಿ ಸುಣ್ಣವಿಲ್ಲ, ಕೊಬ್ಬಿಲ್ಲ. ಅಂಚು ನುಣುಪೋ ಒರಟೋ ಎಂದು ಹೇಳಲು ಸಾಲದಷ್ಟು ಚಿಕ್ಕದು. ಸೂಜಿಯನ್ನು ಹಾಯಿಸಿ ಚೂರು ತೆಗೆಯೋಣವೆಂದರೆ ಉಸಿರಾಟದೊಂದಿಗೆ ಅಲುಗಾಡುವ ಅಷ್ಟು ಚಿಕ್ಕ ಗುರಿಗೆ ಸೂಜಿಯನ್ನು ಮುಟ್ಟಿಸುವುದು ಕಷ್ಟ. ಸೂಜಿಯ ದಾರಿಯಲ್ಲಿ ಗಾಳಿ ಸೋರಿ ಶ್ವಾಸಕೋಶ ಕುಗ್ಗುವ ಅಪಾಯವೂ ಉಂಟು. ಸಕ್ಕರೆಯಂಥ ದ್ರವ್ಯಕ್ಕೆ ವಿಕಿರಣವನ್ನು ಸೇರಿಸಿ ರಕ್ತಕ್ಕೆ ಕೊಟ್ಟು, ಅದನ್ನು ಹೆಚ್ಚಾಗಿ ಹೀರುವ ಜಾಗವನ್ನು ಹುಡುಕುವ ಪೆಟ್ ಪರೀಕ್ಷೆಯೂ 8 ಮಿಲಿಮೀಟರಿಗಿಂತ ಚಿಕ್ಕ ಗಂಟುಗಳ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ಹೀಗೆ ಬೇರೆ ಸಾಕ್ಷಿಗಳೆಲ್ಲ ಮೌನವಾದಾಗ ವೈದ್ಯರು ಕರೆಯುವ ಸಾಕ್ಷಿ ಕಾಲ.

ಗಂಟು ಬೆಳೆಯುತ್ತಿದೆಯೇ, ಬೆಳೆಯುತ್ತಿದ್ದರೆ ಎಷ್ಟು ವೇಗದಿಂದ? ರವೆ ಉಂಡೆ ಕಟ್ಟುವ ಗೃಹಿಣಿಯರಿಗೆ ಈ ಲೆಕ್ಕ ಸುಲಭವಾಗಿ ತಿಳಿಯುತ್ತದೆ. ಉಂಡೆಯನ್ನು ನೋಡಲು ಕೊಂಚವೇ ದೊಡ್ಡದಾಗಿ ಕಟ್ಟಿದರೂ ಪಾತ್ರೆಯಲ್ಲಿನ ರವೆ ಬಹುಬೇಗ ಮುಗಿಯುತ್ತದೆ. 8 ಮಿಲಿಮೀಟರ್ ಅಡ್ಡಳತೆಯ ಗಂಟು 10 ಮಿಲಿಮೀಟರ್ ಆದರೆ ಕಣ್ಣಿಗೆ ಅದು ಎರಡೇ ಮಿಲಿಮೀಟರಿನ ವ್ಯತ್ಯಾಸ; ಆದರೆ ಅದರ ಘನಗಾತ್ರ ಹೆಚ್ಚುಕಡಿಮೆ ಎರಡರಷ್ಟಾಗಿರುತ್ತದೆ. ಹೀಗೆ ಗಾತ್ರವು ಇಮ್ಮಡಿಯಾಗಲು ಹಿಡಿಯುವ ಕಾಲವನ್ನು ವೈದ್ಯರು ಲೆಕ್ಕ ಹಾಕುತ್ತಾರೆ. ಸೋಂಕಿನ ಗಂಟುಗಳು ಕೆಲವೇ ದಿನಗಳಲ್ಲಿ ಇಮ್ಮಡಿಯಾಗಬಹುದು. ಘನವಾದ ಕ್ಯಾನ್ಸರಿನ ಗಂಟುಗಳು ಸಾಮಾನ್ಯವಾಗಿ ಒಂದು ತಿಂಗಳಿನಿಂದ 400 ದಿನಗಳೊಳಗೆ ಇಮ್ಮಡಿಯಾಗುತ್ತವೆ. ನಿರಪಾಯಕರವಾದವು ಬೆಳೆಯುವುದೇ ಇಲ್ಲ, ಇಲ್ಲವೆ ಅದಕ್ಕಿಂತ ಬಹಳ ನಿಧಾನವಾಗಿ ಬೆಳೆಯುತ್ತವೆ. ಘನವಾದ ಗಂಟೊಂದು ಎರಡು ವರ್ಷ ಒಂದೇ ಗಾತ್ರದಲ್ಲಿ ನಿಂತಿದ್ದರೆ ಅದನ್ನು ನಿರಪಾಯಕರವೆಂದು ಪರಿಗಣಿಸುವ ವಾಡಿಕೆ ಇದರಿಂದಲೇ ಬಂದದ್ದು. ಮಬ್ಬುಗಾಜಿನಂಥ ಗಂಟುಗಳಿಗೆ ಮಾತ್ರ ಈ ಅವಧಿ ಸಾಲದು. ಅವುಗಳನ್ನು ಐದು ವರ್ಷಗಳವರೆಗೆ ಆಗಾಗ ನೋಡುತ್ತಿರಬೇಕಾಗುತ್ತದೆ.

ಈಗ ಮಗನ ಪ್ರಶ್ನೆಗೆ ಉತ್ತರ ಸಿಕ್ಕುತ್ತದೆ. ಮೇಷ್ಟ್ರ ಗಂಟು ಕ್ಯಾನ್ಸರೇ ಎಂದು ಇಟ್ಟುಕೊಂಡರೂ, ಅದು 150 ದಿನಗಳಿಗೊಮ್ಮೆ ಇಮ್ಮಡಿಯಾಗುವ ಪಕ್ಷದಲ್ಲಿ ಆರು ತಿಂಗಳ ಹೊತ್ತಿಗೆ 7 ಮಿಲಿಮೀಟರಿನಿಂದ ಸುಮಾರು 9 ಮಿಲಿಮೀಟರಿಗೆ ಬಂದಿರುತ್ತದೆ. ಬೆಳೆದಿದೆಯೆಂದು ನಿಸ್ಸಂದೇಹವಾಗಿ ಹೇಳಲು ಆ ವ್ಯತ್ಯಾಸ ಸಾಕು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ್ದರಿಂದ ಸಾಮಾನ್ಯವಾಗಿ ಅದು ಇನ್ನೂ ಮೊದಲ ಹಂತದಲ್ಲಿಯೇ ಇರುತ್ತದೆ. ಒಂದೇ ತಿಂಗಳಿಗೆ ಮತ್ತೆ ಚಿತ್ರ ತೆಗೆದರೆ ಕಾಣುವ ಅರ್ಧ ಮಿಲಿಮೀಟರಿನ ಅಂತರ ಗಂಟು ಬೆಳೆದುದರಿಂದ ಆದದ್ದೋ, ಅಳತೆಯ ತಪ್ಪೋ ಎಂದು ಹೇಳಲಾಗುವುದಿಲ್ಲ. ಒಂದು ಜೀವಕೋಶದಿಂದ ಆರಂಭವಾದ ಗೆಡ್ಡೆ ಒಂದು ಸೆಂಟಿಮೀಟರ್ ಆಗಬೇಕಾದರೆ ಲೆಕ್ಕಕ್ಕೆ ಸುಮಾರು 30 ಸಲ ಇಮ್ಮಡಿಯಾಗಿರಬೇಕು. ಅಷ್ಟು ದೀರ್ಘವಾದ ಇತಿಹಾಸದಲ್ಲಿ ಆರು ತಿಂಗಳು ಒಂದು ಪುಟದಷ್ಟು ಮಾತ್ರ. 1969ರಲ್ಲಿ ಸ್ಥಾಪನೆಯಾದ ಫ್ಲೈಷ್ನರ್ ಸೊಸೈಟಿ ಎಂಬ ಅಂತರರಾಷ್ಟ್ರೀಯ ತಜ್ಞಮಂಡಲಿ 2017ರಲ್ಲಿ ಪ್ರಕಟಿಸಿದ ಸೂತ್ರಗಳೂ ಇದನ್ನೇ ಹೇಳುತ್ತವೆ: 6ರಿಂದ 8 ಮಿಲಿಮೀಟರಿನ ಒಂಟಿ ಘನಗಂಟಿಗೆ ಆರರಿಂದ ಹನ್ನೆರಡು ತಿಂಗಳೊಳಗೆ ಮರುಪರೀಕ್ಷೆ, ಅದಕ್ಕಿಂತ ದೊಡ್ಡದಾದರೆ ಮೂರು ತಿಂಗಳಲ್ಲಿಯೇ ಮರುಪರೀಕ್ಷೆ, ಇಲ್ಲವೆ ಪೆಟ್ ಪರೀಕ್ಷೆ, ಇಲ್ಲವೆ ಚೂರು ತೆಗೆದು ನೋಡುವುದು.

ಎರಡು ದೇಶಗಳ ಅನುಭವ

ತಾಳ್ಮೆಯ ಬೆಲೆಯನ್ನು ವೈದ್ಯಲೋಕ ಅನುಭವದಿಂದ ಕಲಿಯಿತು. ಅಮೆರಿಕದಲ್ಲಿ 2002ರಿಂದ ಆರಂಭವಾದ ಒಂದು ಮಹಾಪ್ರಯೋಗದಲ್ಲಿ 55ರಿಂದ 74 ವರ್ಷದೊಳಗಿನ, ಬಹಳ ಕಾಲ ಸಿಗರೇಟು ಸೇದಿದ್ದ 53,454 ಜನರು ಭಾಗವಹಿಸಿದರು. ಅರ್ಧದಷ್ಟು ಜನರಿಗೆ ಕಡಿಮೆ ವಿಕಿರಣದ ಸಿ.ಟಿ., ಉಳಿದವರಿಗೆ ಸಾಮಾನ್ಯ ಕ್ಷಕಿರಣ ಚಿತ್ರ, ಹೀಗೆ ವರ್ಷಕ್ಕೊಮ್ಮೆಯಂತೆ ಮೂರು ಸಲ ತೆಗೆಯಲಾಯಿತು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಿ.ಟಿ. ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಮರಣ ನೂರಕ್ಕೆ 20ರಷ್ಟು ಕಡಿಮೆಯಾಗಿತ್ತು. ದೀಪದಿಂದ ನಿಜವಾಗಿ ಪ್ರಾಣಗಳು ಉಳಿದಿದ್ದವು. ಆದರೆ ಸಂದೇಹವೆಂದು ಗುರುತಿಸಿದ ಪ್ರತಿ ನೂರು ಪರೀಕ್ಷೆಗಳಲ್ಲಿ 96 ಕ್ಯಾನ್ಸರ್ ಆಗಿರಲಿಲ್ಲ! ಪ್ರಾಣ ಉಳಿದವರ ಜೊತೆಗೆ, ಹಗ್ಗಕ್ಕೆ ಹೆದರಿ ನಿದ್ದೆಗೆಟ್ಟವರ ಸಂಖ್ಯೆಯೂ ದೊಡ್ಡದಾಗಿತ್ತು.

ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ದೇಶಗಳ ವೈದ್ಯರು ತಮ್ಮ ಪ್ರಯೋಗದಲ್ಲಿ ಬೇರೊಂದು ಕ್ರಮವನ್ನು ಅನುಸರಿಸಿದರು. ಗಂಟಿನ ಅಡ್ಡಳತೆಗೆ ಬದಲಾಗಿ ಘನಗಾತ್ರವನ್ನು ಅಳೆದರು. ಸಂದೇಹ ಬಂದೊಡನೆ ರೋಗಿಯನ್ನು ಮುಂದಿನ ತಪಾಸಣೆಗಳಿಗೆ ಕಳುಹಿಸದೆ, ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ಅಳೆದು, ಗಂಟು ಇಮ್ಮಡಿಯಾಗುವ ಕಾಲವನ್ನು ಲೆಕ್ಕಹಾಕಿದರು. 2020ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಹತ್ತು ವರ್ಷಗಳಲ್ಲಿ ಪುರುಷರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಮರಣ ನೂರಕ್ಕೆ 24ರಷ್ಟು ಕಡಿಮೆಯಾಗಿತ್ತು. ಅಮೆರಿಕದಲ್ಲಿ ನೂರು ಪರೀಕ್ಷೆಗಳಲ್ಲಿ ಸುಮಾರು 24 ಸಂದೇಹಕ್ಕೆ ಒಳಗಾಗಿದ್ದರೆ, ಇಲ್ಲಿ ತಪಾಸಣೆಗೆ ಕಳುಹಿಸಬೇಕಾಗಿ ಬಂದುದು ನೂರಕ್ಕೆ ಎರಡರಷ್ಟು ಮಾತ್ರ. ಎರಡು ಬಾರಿ ಅಳೆಯುವ ತಾಳ್ಮೆಯಿಂದ ರೋಗ ಕೈತಪ್ಪಲಿಲ್ಲ. ನಿಷ್ಕಾರಣವಾದ ಭಯ ಮಾತ್ರ ಬಹಳ ಮಟ್ಟಿಗೆ ತಗ್ಗಿತು.

ಕ್ಷಯದ ನಾಡಿನ ತೊಡಕು

ಈ ವಿದ್ಯೆಯನ್ನು ಭಾರತದಲ್ಲಿ ಪ್ರಯೋಗಿಸುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಜನ ಈ ದೇಶದಲ್ಲಿಯೇ ಇದ್ದಾರೆ. ಮೈಸೂರಿನ ಕೃಷ್ಣಾಜಮ್ಮಣ್ಣಿ ಕ್ಷಯರೋಗಾಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು ಗುಣಹೊಂದಿ ಬಂದ ಹಿರಿಯರ ನೆನಪು ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇದೆ. ತಮಗೆ ಸೋಂಕು ತಗುಲಿತ್ತೆಂಬುದನ್ನೇ ಅರಿಯದೆ ಗುಣವಾದವರೂ ಅಸಂಖ್ಯಾತರು. ಆ ಎಲ್ಲರ ಎದೆಯಲ್ಲಿಯೂ ಹಳೆಯ ಕಲೆಗಳು ಇರಬಹುದು. ಕ್ಷಯಕ್ಕೂ ಕ್ಯಾನ್ಸರಿಗೂ ಶ್ವಾಸಕೋಶದ ಮೇಲ್ಪಾಲೇ ಪ್ರಿಯವಾದ ಸ್ಥಳ. ಪೆಟ್ ಪರೀಕ್ಷೆಯಲ್ಲಿ ಕ್ಯಾನ್ಸರಿನಂತೆಯೇ ಚುರುಕಾದ ಕ್ಷಯದ ಗಂಟೂ ಸಕ್ಕರೆಯನ್ನು ಹೀರಿ ಬೆಳಗುತ್ತದೆ.

ಇದರಿಂದ ಎರಡು ಬಗೆಯ ತಪ್ಪುಗಳಾಗುತ್ತವೆ. ಕ್ಷಯದ ಕಲೆಯನ್ನು ಕ್ಯಾನ್ಸರೆಂದು ತಿಳಿದು ಎದೆಯನ್ನು ತೆರೆಯುವುದು ಒಂದು. ಕ್ಯಾನ್ಸರನ್ನು ಕ್ಷಯವೆಂದು ತಿಳಿದು, ಕಫದಲ್ಲಿ ರೋಗಾಣು ಸಿಕ್ಕದಿದ್ದರೂ ಊಹೆಯ ಮೇಲೆ ಕ್ಷಯದ ಔಷಧಿಗಳನ್ನು ಕೊಡುತ್ತ ಹೋಗುವುದು ಇನ್ನೊಂದು. ನಮ್ಮ ದೇಶದಲ್ಲಿ ಎರಡನೆಯ ತಪ್ಪಿಗೆ ತೆತ್ತ ಬೆಲೆ ದೊಡ್ಡದು. ತಿಂಗಳುಗಳು ಕಳೆಯುತ್ತವೆ, ರೋಗಿ ಸೊರಗಿದರೆ ಅದು ಔಷಧಿಯ ಉಷ್ಣವೆಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ, ಮತ್ತೆ ಚಿತ್ರ ತೆಗೆಯುವ ವೇಳೆಗೆ ಗುಣವಾಗುವ ಹಂತ ದಾಟಿಹೋಗಿರುತ್ತದೆ. ವೈದ್ಯರು ಸೂಚಿಸಿದ ಮರುಪರೀಕ್ಷೆಗಾಗಿ ಕಾಯುವುದಕ್ಕೂ ಈ ಕಾಯುವಿಕೆಗೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಗಂಟಿನ ಅಳತೆ ಬರೆದಿಟ್ಟಿದೆ, ಮರಳಿ ನೋಡುವ ದಿನ ಗೊತ್ತಾಗಿದೆ. ಎರಡನೆಯದರಲ್ಲಿ ಇವೆರಡೂ ಇಲ್ಲ. ಕಫದಲ್ಲಿ ಕ್ಷಯಾಣುವಿನ ಅಂಶವನ್ನು ಕೆಲವೇ ಗಂಟೆಗಳಲ್ಲಿ ಪತ್ತೆಮಾಡುವ ಪರೀಕ್ಷೆಗಳು ಇಂದು ದೊರೆಯುತ್ತವೆ. ಅವುಗಳಲ್ಲಿ ರೋಗಾಣು ಸಿಕ್ಕದಿದ್ದರೆ, ಔಷಧಿ ನಡೆಯುತ್ತಿದ್ದರೂ ನೆರಳು ಕರಗದಿದ್ದರೆ, ಗಂಟಿನಿಂದಲೇ ಚೂರು ತೆಗೆದು ನೋಡುವ ವಿಷಯವನ್ನು ವೈದ್ಯರೊಡನೆ ಚರ್ಚಿಸಲು ಮನೆಯವರು ಸಂಕೋಚಪಡಬಾರದು.

ಕಾಯಬಾರದ ಸಂದರ್ಭಗಳನ್ನೂ ತಿಳಿದಿರಬೇಕು. ಕಫದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುತ್ತಿರುವ ತೂಕ, ವಾರಗಟ್ಟಲೆ ಬಿಡದ ಕೆಮ್ಮು, ಒಡೆದ ಧ್ವನಿ, ಇವುಗಳಲ್ಲಿ ಯಾವುದು ಕಂಡರೂ ನಿಗದಿಯಾದ ದಿನಕ್ಕಾಗಿ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಗಂಟು ಬೆಳೆದಿರುವುದು ಎರಡನೆಯ ಚಿತ್ರದಲ್ಲಿ ಖಚಿತವಾದರೆ, ಅಥವಾ ಮೊದಲ ಚಿತ್ರದಲ್ಲಿಯೇ ಅದು ದೊಡ್ಡದಾಗಿದ್ದು ಮುಳ್ಳಂಚನ್ನು ತೋರಿದರೆ, ಆಗ ಚೂರು ತೆಗೆಯಿಸಲು ಅಥವಾ ಶಸ್ತ್ರಚಿಕಿತ್ಸೆಗೆ ಹಿಂದೆಮುಂದೆ ನೋಡುವುದು ತಾಳ್ಮೆಯಾಗುವುದಿಲ್ಲ. ಸಿ.ಟಿ. ಎಷ್ಟೇ ಸೂಕ್ಷ್ಮವಾದರೂ ಅದು ಕೊಡುವುದು ಸಂಭವದ ಲೆಕ್ಕ. ಕೊನೆಯ ತೀರ್ಪು ಸೂಕ್ಷ್ಮದರ್ಶಕದ ಕೆಳಗಿನ ಚೂರಿನದು.

ಮತ್ತೆ ಮೇಷ್ಟ್ರ ಮನೆಗೆ

ವೈದ್ಯರು ಅಂದು ಇನ್ನೊಂದು ಮಾತನ್ನೂ ಕೇಳಿದ್ದರು: "ಹಳೆಯ ಸ್ಕ್ಯಾನು, ಎಕ್ಸ್‌ರೇ ಏನಾದರೂ ಇಟ್ಟಿದ್ದೀರಾ ಮೇಷ್ಟ್ರೇ? ಎರಡು ವರ್ಷದ ಹಿಂದಿನ ಒಂದು ಸ್ಕ್ಯಾನ್ ಸಿಕ್ಕಿದ್ದರೂ ಇವತ್ತೇ ಏನಾದರೂ ಹೇಳಬಹುದಿತ್ತು." ಬೀರುವಿನಲ್ಲಿ ಸಿಕ್ಕಿದ್ದು ಎಂಟು ವರ್ಷದ ಹಿಂದೆ ಹರ್ನಿಯ ಶಸ್ತ್ರಚಿಕಿತ್ಸೆಗೆ ಮೊದಲು ತೆಗೆಸಿದ್ದ ಒಂದು ಎಕ್ಸ್‌ರೇ ಮಾತ್ರ, 7 ಮಿಲಿಮೀಟರಿನ ಗಂಟನ್ನು ತೋರಿಸಲು ಅದಕ್ಕೆ ಶಕ್ತಿ ಸಾಲದು. ಮನೆಯ ಆಸ್ತಿಪತ್ರಗಳನ್ನು ಜೋಪಾನವಾಗಿಡುವವರು ಸ್ಕ್ಯಾನಿನ ಚಿತ್ರಗಳನ್ನೂ ತಟ್ಟೆಗಳನ್ನೂ ಜೋಪಾನವಾಗಿಡುವುದು ಒಳ್ಳೆಯದು. ವರದಿಯ ಕಾಗದವಷ್ಟೇ ಸಾಲದು. ಗಂಟನ್ನು ಹೋಲಿಸಿ ಅಳೆಯಲು ಚಿತ್ರವೇ ಬೇಕು.

ಆ ಆರು ತಿಂಗಳು ಆ ಮನೆಗೆ ಸುಲಭವಾಗಿರಲಿಲ್ಲ. ಮೇಷ್ಟ್ರು ಒಮ್ಮೆ ಕೆಮ್ಮಿದರೆ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತಿತ್ತು. ನೆಂಟರೊಬ್ಬರು ಬಂದು "ಇನ್ನೂ ಯಾಕೆ ಕಾಯುತ್ತೀರಿ?" ಎಂದರು, ಇನ್ನೊಬ್ಬರು "ಇಂಥ ಚಿಕ್ಕ ಗಂಟಿಗೆಲ್ಲ ಮತ್ತೆ ಸ್ಕ್ಯಾನು ಯಾಕೆ, ದುಡ್ಡು ದಂಡ" ಎಂದರು. ಎರಡು ಮಾತೂ ಅಷ್ಟೇ ಅಪಾಯಕರವಾದವು. ಇಂಥ ಗಂಟು ಕಂಡವರಲ್ಲಿ ಮೊದಲ ವಾರದ ಭಯ ತಗ್ಗಿದ ಮೇಲೆ ಮರುಪರೀಕ್ಷೆಯನ್ನೇ ಮರೆತುಬಿಡುವವರು ಕಡಿಮೆಯಿಲ್ಲ. ವೈದ್ಯರು ಹೇಳಿದ ದಿನಕ್ಕೆ ಮರಳಿ ಹೋಗುವ ನಿಷ್ಠೆಯಿಲ್ಲದಿದ್ದರೆ ತಾಳ್ಮೆಯ ಉಪದೇಶವೆಲ್ಲ ನಿಷ್ಫಲ. ಮೇಷ್ಟ್ರ ಮಡದಿ ಆ ದಿನಾಂಕವನ್ನು ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಬ್ಬಹುಣ್ಣಿಮೆಗಳ ಗುರುತಿನ ನಡುವೆ, ಕೆಂಪು ಮಸಿಯಲ್ಲಿ ಬರೆದಿಟ್ಟಿದ್ದರು.

ಆರು ತಿಂಗಳಾಯಿತು. ಹೊಸ ಚಿತ್ರವನ್ನು ಹಳೆಯದರ ಪಕ್ಕದಲ್ಲಿಟ್ಟು ವೈದ್ಯರು ಅಳೆದರು. ಗಂಟು 7 ಮಿಲಿಮೀಟರಿನಲ್ಲಿಯೇ ನಿಂತಿತ್ತು.

"ಹಾಗಾದರೆ ಇನ್ನು ಭಯವಿಲ್ಲವಲ್ಲ ಡಾಕ್ಟರೇ?" ಎಂದು ಮಗ ಕೇಳಿದ.

"ಭಯ ಅರ್ಧಕ್ಕಿಂತ ಹೆಚ್ಚು ಕಳೆಯಿತು. ಇನ್ನೊಂದು ವರ್ಷ ಬಿಟ್ಟು ಕಡೆಯ ಸಲ ನೋಡಿಬಿಡೋಣ. ಆಗಲೂ ಹೀಗೆಯೇ ಇದ್ದರೆ ಇದನ್ನು ಮರೆತುಬಿಡಬಹುದು" ಎಂದರು ವೈದ್ಯರು.

ಮನೆಗೆ ಬಂದೊಡನೆ ತಾಯಿ ಕೇಳಿದ್ದು ಒಂದೇ ಮಾತು: "ತಾರೀಕು ಎಷ್ಟು ಹೇಳಿದರು?" ಮುಂದಿನ ವರ್ಷದ ಕ್ಯಾಲೆಂಡರು ಇನ್ನೂ ಮನೆಗೆ ಬಂದಿರಲಿಲ್ಲ, ಆಕೆ ಅದನ್ನು ಹಳೆಯ ಕ್ಯಾಲೆಂಡರಿನ ಕೊನೆಯ ಹಾಳೆಯ ಅಂಚಿನಲ್ಲಿಯೇ ಬರೆದಿಟ್ಟರು.